ಕಾಲೇಜಿಗೆ ಹೋದ ಮುಯ್ಯಾಳು

ಜೈನಾಪುರದಲ್ಲಿ ಕಳವು ಮಾಡಿದವನನ್ನು ಕ್ಷಮಿಸಿಯಾರು, ಮುಯ್ಯಿ ತಿಂದವನನ್ನು ಕ್ಷಮಿಸುವವರಿಲ್ಲ. ಇವತ್ತು ನಾನು ನಿನ್ನ ಹೊಲದಲ್ಲಿ ದುಡಿದರೆ ನಾಳೆ ನೀನು ನನ್ನ ಹೊಲಕ್ಕೆ ಬರಬೇಕು. ನಿನಗೆ ಜ್ವರ ಬಂತೋ, ತಮ್ಮನನ್ನು ಕಳಿಸು. ತಮ್ಮನ ಕಾಲು ಉಳುಕಿತೋ, ಮಾವನನ್ನು ಕಳಿಸು. ಆಳಿಗೆ ಆಳು ಬಂದರಾಯಿತು, ಮೋರೆ ಯಾರು ನೋಡುತ್ತಾರೆ? ಹೀಗೆ ಒಬ್ಬರ ಬದಲು ಹೋಗಿ ನಿಲ್ಲುವವನೇ ಮುಯ್ಯಾಳು. ಎತ್ತಿನ ಜೋಡಿ ಹೊಡೆದುಕೊಂಡು ಹೋದರೆ ಎತ್ತಿಗೇ ಬೇರೆ ಎರಡು ಆಳಿನ ಲೆಕ್ಕ. ಇದಕ್ಕೆ ಕಾಗದವಿಲ್ಲ, ಪತ್ರವಿಲ್ಲ. ಆದರೆ ಮುಯ್ಯಿ ತಿಂದವನ ಹೊಲಕ್ಕೆ ಬಿತ್ತಿಗೆಯ ಹೊತ್ತಿಗೆ ಒಂದು ನರಪಿಳ್ಳೆಯೂ ಹಾಯುವುದಿಲ್ಲ.

ಈ ಊರಿನ ರಾಮಲಿಂಗನಿಗೆ ತನ್ನ ವಂಶದಲ್ಲೊಬ್ಬ ಊರ ಲೆಕ್ಕ ಬರೆಯುವ ತಲಾಟಿ ಆಗಬೇಕೆಂಬ ಹುಚ್ಚು ಹಿಡಿಯಿತು. ತಲೆತಲಾಂತರದಿಂದ ಕುರಿ ಕಾಯ್ದ ಮನೆ, ಜೊತೆಗೊಂದಿಷ್ಟು ಎರೆಹೊಲ. ಮಗ ಅಮೋಘಿ ಹೇಗೋ ತಿಣುಕಿ ಮ್ಯಾಟ್ರಿಕ್ ದಾಟಿದ್ದ. ದಾಟಿದವನನ್ನು ಕುತ್ತಿಗೆ ಹಿಡಿದು ವಿಜಾಪುರಕ್ಕೆ ಒಯ್ದು ಪಿ.ಯು.ಸಿ.ಗೆ ಹಚ್ಚಿ ಬಂದ. ಅದು ಹೊಸ ಕಾಲೇಜು. ದೇಣಿಗೆ ಕೊಟ್ಟ ಇಬ್ಬರು ಸಾವಕಾರರು ಯಾರ ಅಪ್ಪನ ಹೆಸರಿಡಬೇಕೆಂದು ಜಗಳಾಡುತ್ತಿದ್ದುದರಿಂದ ಬೋರ್ಡಿನ ಮೇಲೆ ಬರೀ ‘ಕಾಲೇಜು’ ಎಂದಿತ್ತು, ಮುಂದೆ ಜಾಗ ಖಾಲಿ.

ಅಮೋಘಿಗೆ ಕಾಲೇಜೆಂದರೆ ಹೊಟ್ಟೆಶೂಲೆ. ಬಿತ್ತುವ ಕೂರಿಗೆ ಹಿಡಿದರೆ ಮಾತ್ರ ಅವನಂಥ ಗಂಡು ಸುತ್ತ ಹಳ್ಳಿಯಲ್ಲಿ ಇರಲಿಲ್ಲ. ದಸರೆ ಹತ್ತಿರ ಬಂತು, ಹಿಂಗಾರಿ ಬಿತ್ತಿಗೆ ಶುರುವಾಯಿತು, ಮುಯ್ಯಿ ಬರಬೇಕಾದವರೆಲ್ಲ ರಾಮಲಿಂಗನ ಕಟ್ಟೆಗೆ ಬಂದು ಕೂತರು. ಎಲ್ಲರಿಗೂ ಅಮೋಘಿಯೇ ಬೇಕು. ಇತ್ತ ಕಾಲೇಜಿನ ಹೆಡ್ ಕ್ಲಾರ್ಕ್ ಶಿವಯೋಗೆಪ್ಪನವರು ಖಡಕ್ಕಾಗಿ ಹೇಳಿಬಿಟ್ಟಿದ್ದರು: ಮುಕ್ಕಾಲು ಪಾಲು ಹಾಜರಿ ಇಲ್ಲದಿದ್ದರೆ ಟರ್ಮು ಸಿಗುವುದಿಲ್ಲ, ಟರ್ಮು ಸಿಗದಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲ.

ರಾಮಲಿಂಗ ತಲೆ ಕೆರೆದುಕೊಂಡ. ಕೆರೆದುಕೊಂಡಷ್ಟೂ ದಾರಿ ಸರಳವಾಗಿ ಕಂಡಿತು.

“ಅದರಾಗೇನೈತಿ? ಕಾಲೇಜಿಗೆ ಮುಯ್ಯಾಳ ಕಳಸೂನು” ಎಂದ.

ಮೊದಲು ತಾನೇ ಹೋದ. ಅಲ್ಲಿ ತರ್ಕಶಾಸ್ತ್ರ ಕಲಿಸುವ ಸಂಗಣ್ಣ ಮಾಸ್ತರರು ಇಟ್ಟಂಗಿಹಾಳದ ಒಕ್ಕಲು ಮನೆಯವರು. ಹಾಜರಿ ಕೂಗುತ್ತ ನಲವತ್ತೊಂದಕ್ಕೆ ಬಂದಾಗ ರುಮಾಲು ಸುತ್ತಿದ ರಾಮಲಿಂಗ ಎದ್ದು ನಿಂತು, “ಅಮೋಘಿ ಬಿತ್ತಾಕ ಹೋಗ್ಯಾನ್ರಿ. ಮುಯ್ಯಾಳ ನಾ ಬಂದೇನಿ” ಎಂದ. ಬೇರೆ ಯಾರಾದರೂ ಆಗಿದ್ದರೆ ಸಿಪಾಯಿಯನ್ನು ಕರೆಯುತ್ತಿದ್ದರು. ಸಂಗಣ್ಣ ಮಾಸ್ತರರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. “ಬಿತ್ತಿಗಿ ಹೊತ್ತು, ಖರೆ. ಕುಂಡ್ರಪಾ” ಎಂದು ಹಾಜರಿ ಹಾಕಿದರು. ಒಬ್ಬ ಮಾಸ್ತರ ಹಾಕಿದ ಮೇಲೆ ಉಳಿದವರೂ ಹಾಕಿದರು.

ರಾಮಲಿಂಗ ಎರಡನೆಯ ತಾಸಿಗೇ ಗೊರಕೆ ಹೊಡೆದ. ಮರುದಿನ ತಮ್ಮ ಬೀರಪ್ಪನನ್ನು ಕಳಿಸಿದ. ಬೀರಪ್ಪ ನಿಷ್ಠೆಯಿಂದ ಕಣ್ಣು ಪಿಳುಕಿಸದೆ ಕೂತಿದ್ದ. ಮಾಸ್ತರರು, “ಮನುಷ್ಯರೆಲ್ಲ ಸಾಯುವವರು. ಸಾಕ್ರೆಟೀಸ ಮನುಷ್ಯ. ಆದ್ದರಿಂದ ಸಾಕ್ರೆಟೀಸ ಸಾಯುವವನು” ಎಂದರೋ ಇಲ್ಲವೋ, ಬೀರಪ್ಪ ರುಮಾಲು ತೆಗೆದು ಎದ್ದು ನಿಂತ.

“ಯಾವ ಊರಾಂವರಿ ಪಾಪ? ಮಣ್ಣ ಯಾವಾಗ?”

ಸತ್ತು ಬಹಳ ವರ್ಷವಾಯಿತೆಂದು ತಿಳಿಸಿದ ಮೇಲೂ ಅವನಿಗೆ ಸಮಾಧಾನವಾಗಲಿಲ್ಲ. ಬಹಳ ವರ್ಷವಾಗಿದ್ದರೆ ದಿನಾ ಯಾಕೆ ಮನೆಯವರ ಹೊಟ್ಟೆ ಉರಿಸಬೇಕು ಎಂದು ಕೇಳಿದ. ಅಷ್ಟಕ್ಕೇ ಮುಗಿದಿದ್ದರೆ ನಡೆಯುತ್ತಿತ್ತು. ಮುಂದಿನ ವಾರ ಬೀರಪ್ಪ ಎತ್ತಿನ ಜೋಡಿ ಹೂಡಿಕೊಂಡೇ ಬಂದು, ಕ್ಲಾಸಿನ ಕಿಟಕಿಯ ಸರಳಿಗೆ ಕಟ್ಟಿ, ಎತ್ತಿನವು ಎರಡು, ತನ್ನದು ಒಂದು, ಒಟ್ಟು ಮೂರು ಹಾಜರಿ ಹಾಕಬೇಕೆಂದು ಪಟ್ಟು ಹಿಡಿದ.

“ಎತ್ತಿಗೆ ತರ್ಕಶಾಸ್ತ್ರ ತಿಳಿಯಂಗಿಲ್ಲೋ ಬೀರಪ್ಪಾ” ಎಂದರು ಮಾಸ್ತರರು.

“ಅಮೋಘಿಗೇನ ತಿಳೀತದರಿ? ಅವಂಗ ಹಾಕತೀರಿ. ಎತ್ತೇನ ಪಾಪ ಮಾಡ್ಯಾವು?”

ಮಾಸ್ತರರು ಇದನ್ನು ತರ್ಕಕ್ಕೆ ಹಚ್ಚಲು ಸೀಮೆಸುಣ್ಣ ಎತ್ತಿಕೊಂಡರು. ಅಷ್ಟರಲ್ಲಿ ಎಡಗಡೆಯ ಎತ್ತು ಕಿಟಕಿಯಿಂದ ಮೂತಿ ತೂರಿಸಿ ಒಬ್ಬ ಹುಡುಗನ ಬರೆಯುವ ಕಾಪಿ ಬಾಯಿಗೆ ಹಾಕಿಕೊಂಡಿದ್ದರಿಂದ ವಾದ ಅಲ್ಲಿಗೇ ನಿಂತಿತು. “ಎಚ್ಚರ ಇರಾವ್ರನ್ನ ಕಳಸ್ರಿ, ಬಾಲ ಇಲ್ಲದಾವ್ರನ್ನ ಕಳಸ್ರಿ” ಎಂದು ಮಾಸ್ತರರು ಹೇಳಿ ಕಳಿಸಿದರು.

ಆಗ ಮನೆಯಲ್ಲಿ ಕಳಿಸಲು ಉಳಿದವಳು ಮಲಕವ್ವ ಒಬ್ಬಳೇ.

ಮಲಕವ್ವ ಅಮೋಘಿಯ ತಂಗಿ, ಹದಿನಾರಕ್ಕೆ ಕಾಲಿಟ್ಟವಳು. ತಾಯಿ ರಾಚವ್ವನ ತವರು ತಿಕೋಟಾ. ಅಲ್ಲಿ ಅಜ್ಜಿಯ ಮನೆಯಲ್ಲಿದ್ದು ಏಳನೆಯ ಇಯತ್ತೆ ಓದಿ, ಮುಲ್ಕಿ ಪರೀಕ್ಷೆ ಪಾಸು ಮಾಡಿದ್ದಳು. ಪಾಸಾದ ದಿನವೇ ಅಪ್ಪ ಬಂದು ಕರೆದುಕೊಂಡು ಹೋಗಿದ್ದ. “ಹೆಣ್ಣ ಹುಟ್ಟಿದ್ದ ಮಂದಿ ಮನಿಗೆ. ಕಲಿಸಿದ್ರ ಮಂದಿ ಹೊಲಕ್ಕ ನೀರ ಹಾಯಿಸಿದಂಗ” ಎಂದಿದ್ದ. ಅವತ್ತು ಮಲಕವ್ವ ಬಂಡಿಯಲ್ಲಿ ಊರ ತನಕ ಅತ್ತಳು. ಆಮೇಲೆ ಕುರಿ, ಕಟ್ಟಿಗೆ, ಕೊಡ, ರೊಟ್ಟಿ ಇವುಗಳ ನಡುವೆ ಅಳುವುದಕ್ಕೂ ಪುರುಸೊತ್ತು ಸಿಗಲಿಲ್ಲ.

ಈಗ ಅದೇ ಅಪ್ಪ, “ನಾಳಿಂದ ನೀ ಹೋಗ. ಸುಮ್ಮ ಕುಂಡ್ರೂದು, ಅಷ್ಟ” ಎಂದ. ರಾಚವ್ವ, “ಆಕಿ ಕೆಲಸ ಯಾರ ಮಾಡಾವ್ರು?” ಎಂದು ಕೇಳಿದಳು. ಕೇಳಿದವಳ ಮೇಲೆಯೇ ಅದು ಬಿತ್ತು.

ಬಬಲೇಶ್ವರದಿಂದ ಬರುವ ಮುಂಜಾನೆಯ ಬಸ್ಸು ಹತ್ತಿ ಮಲಕವ್ವ ಕಾಲೇಜಿಗೆ ಹೋದಳು. ಮೊದಲ ದಿನ ನಲವತ್ತೊಂದು ಎಂದಾಗ ಅವಳು ಎದ್ದು ನಿಂತಳು. “ಯಾರ್ವಾ ನೀನು?” ಎಂದರು ಮಾಸ್ತರರು. “ಅಮೋಘಿ ಮುಯ್ಯಾಳರಿ” ಎಂದಳು. “ಬಾಲ ಇಲ್ಲಲ್ಲ? ಕುಂಡ್ರು ಹಂಗಾದ್ರ” ಎಂದರು. ಹುಡುಗರು ನಕ್ಕರು. ಎರಡು ದಿನ ನಕ್ಕು ಮೂರನೆಯ ದಿನ ಮರೆತರು.

ಕಲಿಸಿದ್ದರಲ್ಲಿ ಅರ್ಧಕ್ಕರ್ಧ ಅವಳಿಗೆ ತಿಳಿಯಲಿಲ್ಲ, ಸುಳ್ಳು ಯಾಕೆ ಹೇಳಬೇಕು? ಇಂಗ್ಲಿಷಿನ ತಾಸಿನಲ್ಲಿ ಮಳೆ ನಿಲ್ಲುವುದನ್ನು ಕಾಯುವವಳಂತೆ ಕೂತಿರುತ್ತಿದ್ದಳು. ಆದರೆ ಒಂದು ಸಂಗತಿ ಅವಳಿಗೆ ಬೆರಗು ಹುಟ್ಟಿಸಿತ್ತು. ಒಬ್ಬ ದೊಡ್ಡ ಮನುಷ್ಯ ಒಂದು ತಾಸು ನಿಂತುಕೊಂಡು ತನ್ನ ಜೊತೆ ಮಾತಾಡುತ್ತಾನೆ, ಮಾತಾಡಿ ಮುಗಿಸಿ ನೀರು ತಾ ಎನ್ನುವುದಿಲ್ಲ, ರೊಟ್ಟಿ ಬಡಿ ಎನ್ನುವುದಿಲ್ಲ. ಕೂತು ಕೇಳುವುದೇ ಕೆಲಸ! ಇಂಥ ಕೆಲಸವೂ ಭೂಮಿಯ ಮೇಲೆ ಇದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸಂಗಣ್ಣ ಮಾಸ್ತರರ ತರ್ಕಶಾಸ್ತ್ರ ಮಾತ್ರ ತಿಳಿಯುತ್ತಿತ್ತು, ಯಾಕೆಂದರೆ ಅವರು ಅದನ್ನು ಎಮ್ಮೆ, ಬಾವಿ, ಹೊಲದ ಬದುವುಗಳಲ್ಲಿಟ್ಟು ಹೇಳುತ್ತಿದ್ದರು. ಇದು ಖರೆಯಾದರೆ ಅದೂ ಖರೆ ಆಗಲೇಬೇಕು ಎಂದು ಅವರು ಮೇಜು ಗುದ್ದಿದಾಗ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು. ಸಂಜೆ ಬಸ್ಸಿನಲ್ಲಿ ಬರುವಾಗ ಒಂದೇ ಒಂದು ಚಿಂತೆ ಕೊರೆಯುತ್ತಿತ್ತು: ಸುಗ್ಗಿ ಮುಗಿದರೆ ಅಮೋಘಿ ತಿರುಗಿ ಬರುತ್ತಾನೆ, ತಾನು ತಿರುಗಿ ಕುರಿಗಳಿಗೆ ಹೋಗಬೇಕು.

ಬಿತ್ತಿಗೆಯಾಯಿತು, ಎಡೆ ಹೊಡೆಯುವುದಾಯಿತು, ಜೋಳ ಕೀಳುವುದು ಶುರುವಾಯಿತು. ಅಮೋಘಿಗೆ ಹೊಲದಿಂದ ಬಿಡುವಾಗಲಿಲ್ಲ, ಅವನು ಬಿಡುವು ಬೇಡಲೂ ಇಲ್ಲ. ಮಲಕವ್ವ ಒಂದು ದಿನವೂ ತಪ್ಪಿಸಲಿಲ್ಲ. ಹೀಗೆ ನಡೆದುಕೊಂಡೇ ಹೋಗುತ್ತಿತ್ತೇನೋ, ಆದರೆ ಆ ವರ್ಷ ಹೊಸ ಪ್ರಿನ್ಸಿಪಾಲರು ಬಂದರು. ಮೈಸೂರು ಕಡೆಯವರು, ಶಿಸ್ತಿನ ಮನುಷ್ಯ. ಎಲ್ಲರಿಗಿಂತ ಹೆಚ್ಚು ಹಾಜರಿ ಇದ್ದ ವಿದ್ಯಾರ್ಥಿಗೆ ವರ್ಷದ ಗ್ಯಾದರಿಂಗಿನಲ್ಲಿ ಹಾರ ಹಾಕಿ ಸತ್ಕಾರ ಮಾಡಬೇಕೆಂದು ಅವರ ತಲೆಗೆ ಬಂತು.

ನೋಡಿದರೆ ಇಡೀ ಕಾಲೇಜಿನಲ್ಲಿ ನಲವತ್ತೊಂದನೆಯ ನಂಬರಿನಷ್ಟು ಹಾಜರಿ ಯಾರದೂ ಇಲ್ಲ!

ಗ್ಯಾದರಿಂಗಿನ ದಿನ ಪ್ರಿನ್ಸಿಪಾಲರು ದೊಡ್ಡ ಹಾರ ಹಿಡಿದು, “ಅಮೋಘಿ ರಾಮಲಿಂಗ ಪೂಜಾರಿ, ರೋಲ್ ನಂಬರ್ ನಲವತ್ತೊಂದು!” ಎಂದು ಕೂಗಿದರು. ಮಲಕವ್ವ ರೂಢಿಯಂತೆ ಎದ್ದು, ಸೆರಗು ತಲೆಯ ಮೇಲೆ ಎಳೆದುಕೊಂಡು ವೇದಿಕೆ ಹತ್ತಿದಳು. ಮಂದಿ ಚಪ್ಪಾಳೆ ತಟ್ಟಿದರು. ಪ್ರಿನ್ಸಿಪಾಲರ ಹಾರ ಗಾಳಿಯಲ್ಲೇ ನಿಂತಿತು.

“ಸಂಗಣ್ಣನವರೇ, ನಿಮ್ಮ ಕಡೆ ಅಮೋಘಿ ಅನ್ನೋದು ಹೆಣ್ಣು ಮಕ್ಕಳ ಹೆಸರೇ?”

“ಅಲ್ರಿ ಸರ. ಈಕಿ ಅಮೋಘಿ ಮುಯ್ಯಾಳ್ರಿ.”

“ಹಾಗಂದ್ರೆ?”

ಸಂಗಣ್ಣ ಮಾಸ್ತರರು ವಿವರಿಸಿದರು. ವಿವರಿಸಿದಂತೆಲ್ಲ ಪ್ರಿನ್ಸಿಪಾಲರ ಮುಖ ಕೆಂಪಾಗಿ, ಆಮೇಲೆ ಬಿಳಿಯಾಗಿ, ಕೊನೆಗೆ ಯಾವ ಬಣ್ಣವೂ ಇಲ್ಲದಂತಾಯಿತು. ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ ತಮ್ಮ ಕೊರಳಿಗೇ ಹಾಕಿಕೊಂಡು ಕೂತರು.

ಟರ್ಮು ಯಾರಿಗೆ ಕೊಡಬೇಕೆಂದು ಶಿವಯೋಗೆಪ್ಪನವರು ವಿಶ್ವವಿದ್ಯಾಲಯಕ್ಕೆ ಬರೆದರು. ಇಂಥ ತೊಡಕಿಗಾಗಿಯೇ ಹುಟ್ಟಿದ ಮನುಷ್ಯ ಅವರು. ಒಂದು ಊರಿನ ಕಾಲೇಜಿನಲ್ಲಿ ತುಂಬಿದ ಟರ್ಮನ್ನು ಇನ್ನೊಂದು ಊರಿನ ಕಾಲೇಜಿಗೆ ವರ್ಗ ಮಾಡುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಒಬ್ಬ ಮನುಷ್ಯನದನ್ನು ಇನ್ನೊಬ್ಬ ಮನುಷ್ಯನಿಗೆ ವರ್ಗ ಮಾಡುವ ಯೋಗ ಮಾತ್ರ ಈವರೆಗೆ ಕೂಡಿಬಂದಿರಲಿಲ್ಲ. ಉತ್ತರ ಬಂದ ದಿನ ಎಲ್ಲರನ್ನೂ ಆಫೀಸಿಗೆ ಕರೆಸಿದರು. ರಾಮಲಿಂಗ, ಅಮೋಘಿ, ಮಲಕವ್ವ ಮೂವರೂ ಬಂದು ಬೆಂಚಿನ ಮೇಲೆ ಸಾಲಾಗಿ ಕೂತರು. ಮಲಕವ್ವನ ಕಣ್ಣು ಆ ಕಾಗದದ ಮೇಲೆಯೇ ಇತ್ತು. ಕೂತವಳು ತಾನು. ತನಗೇನಾದರೂ ಸಿಕ್ಕೀತೇ?

ಶಿವಯೋಗೆಪ್ಪನವರು ಚಾಳೀಸು ಮೂಗಿಗೇರಿಸಿ ಓದಿದರು:

“ಟರ್ಮು, ಕೂತವರಿಗೆ ಸಲ್ಲತಕ್ಕದ್ದು. ಕೂತವರು ಮ್ಯಾಟ್ರಿಕ್ ಆಗಿರದಿದ್ದರೆ ಹೆಸರಿನವರಿಗೆ ಸಲ್ಲತಕ್ಕದ್ದು. ಎರಡೂ ಸರಿಯೆನಿಸದಿದ್ದರೆ ಈ ಪತ್ರ ನಿಮಗೆ ತಲುಪಿಲ್ಲವೆಂದು ಭಾವಿಸತಕ್ಕದ್ದು.”

“ತಲುಪಿಲ್ಲ ಅಂತ ಭಾವಿಸೋಣ” ಎಂದರು ಪ್ರಿನ್ಸಿಪಾಲರು ಆಸೆಯಿಂದ.

“ಆವಕಿಗೆ ಹಾಕೀನ್ರಿ ಸರ” ಎಂದರು ಶಿವಯೋಗೆಪ್ಪನವರು. ಬಂದ ಪತ್ರಗಳ ಆವಕ ಪುಸ್ತಕಕ್ಕೆ ಏರಿಸಿದ ಕಾಗದವನ್ನು ಬ್ರಹ್ಮನೂ ಹಿಂದಕ್ಕೆ ಕಳಿಸಲಾರ.

“ಏನ್ವಾ, ಮ್ಯಾಟ್ರಿಕ್ ಆಗೀಯೇನು?” ಎಂದು ಕ್ಲಾರ್ಕರು ಮಲಕವ್ವನನ್ನು ಕೇಳಿದರು.

“ಮುಲ್ಕಿ ಆಗೇತ್ರಿ.”

“ಮುಲ್ಕಿಂದ ಹಾಯಸ್ಕೂಲು, ಹಾಯಸ್ಕೂಲಿಂದ ಕಾಲೇಜು. ಅದು ದಾರಿ. ನೀ ನಡುವಿಂದು ಬಿಟ್ಟು ಮ್ಯಾಲ ಹತ್ತಿ ಕುಂತೀದಿ.”

ಮಲಕವ್ವ ಎದ್ದು ನಿಂತಳು. ಇಷ್ಟು ದೊಡ್ಡವರ ಮುಂದೆ ಹಿಂದೆಂದೂ ಬಾಯಿ ಬಿಟ್ಟವಳಲ್ಲ. “ಅಲ್ರೀ ಯಪ್ಪಾ, ದೊಡ್ಡ ನೋಟ ಮುರಸಿದ್ರ ಚಿಲ್ಲರ ಬರ್ತೈತಿ. ಈ ಕಾಲೇಜಿನ ಟರ್ಮ ಮುರಿಸಿ ನನಗ ಹಾಯಸ್ಕೂಲಿಂದು ಎರಡ ವರ್ಷ ಕೊಡ್ರಿ. ಉಳಿದದ್ದ ನಾ ಸಾಲಿಗೆ ಹೋಗಿ ತುಂಬತೇನಿ.”

ಶಿವಯೋಗೆಪ್ಪನವರ ಕಣ್ಣು ಹೊಳೆಯಿತು. ಮೇಜಿನ ಮೂರೂ ಖಾನೆ ಎಳೆದು ಹುಡುಕಿದರು, ಕಪಾಟಿನ ಧೂಳು ಕೊಡವಿ ಹುಡುಕಿದರು. ಕೊನೆಗೆ ನಿಜವಾಗಿಯೂ ನೊಂದುಕೊಂಡು ಕೂತರು.

“ಕೆಳಗಿಂದ ಮ್ಯಾಲ ಒಯ್ಯಾಕ ಫಾರ್ಮ ಅದ ತಂಗಿ. ಮ್ಯಾಲಿಂದ ಕೆಳಗ ಇಳಸಾಕ ಫಾರ್ಮ ಇಲ್ಲ. ಇದ್ದಿದ್ರ ಇವತ್ತ ಮಾಡಿ ಕೊಡತಿದ್ದೆ.”

ಪ್ರಿನ್ಸಿಪಾಲರು ಬೇಸತ್ತು ಸಹಿ ಮಾಡಿದರು. ಟರ್ಮು ಅಮೋಘಿಗೆ ಸಂದಿತು. ರಾಮಲಿಂಗ ಕೈ ಮುಗಿದ, ಮಗನ ಬೆನ್ನು ಚಪ್ಪರಿಸಿದ. ಅಮೋಘಿ ಮಾತ್ರ ಪರೀಕ್ಷೆಗೆ ಕೂಡಬೇಕಲ್ಲಪ್ಪಾ ಎಂದು ಮೋರೆ ಹುಳ್ಳಗೆ ಮಾಡಿದ. ಕೊಟ್ಟವ ಕೋಡಂಗಿ, ಇಸಗೊಂಡವ ಈರಭದ್ರ! ದಸರೆಯಿಂದ ಕೂತವಳ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ಮಲಕವ್ವನಿಗೆ ಅಳು ಉಕ್ಕಿ ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಸಿಟ್ಟು ಗೆದ್ದಿತು.

“ಅಪ್ಪಾ, ಟರ್ಮ ಅಣ್ಣಗ ಇರವಲ್ದ್ಯಾಕ. ನನ್ನ ಮುಯ್ಯಿ ಯಾವಾಗ ತೀರಸ್ತಾನ?”

“ಯಾವ ಮುಯ್ಯಿ?”

“ಅವನ ಬದ್ಲಿ ನಾ ಕುಂತೇನಿ. ಅಷ್ಟ ದಿವಸ ನನ್ನ ಬದ್ಲಿ ಅವ ದುಡೀಬೇಕು. ಕುರಿ, ಕಟ್ಟಿಗಿ, ನೀರು, ರೊಟ್ಟಿ ಎಲ್ಲಾ. ನಾ ಬಬಲೇಶ್ವರಕ್ಕ ಹಾಯಸ್ಕೂಲಿಗೆ ಹೋಗತೇನಿ.”

ಅಮೋಘಿ ಬೆಂಚಿನಿಂದ ಜಿಗಿದೆದ್ದ. “ನನಗ ರೊಟ್ಟಿ ಬಡ್ಯಾಕ ಬರಂಗಿಲ್ಲಲೇ!”

“ನನಗ ಇಂಗ್ಲಿಷ್ ಬರತಿತ್ತೇನು?”

ರಾಮಲಿಂಗ ನಕ್ಕ. ಮಕ್ಕಳಾಟ ನೋಡಿ ನಗುವಂಥ ನಗೆ. “ಹುಚ್ಚಿ, ಮುಯ್ಯಿ ಅನ್ನೂದು ಮನಿ ಮನಿ ನಡುವಿಂದು. ಒಂದ ಮನ್ಯಾನ ಮಂದ್ಯಾಗ ಎಲ್ಲಿ ಮುಯ್ಯಿ? ನಡಿ, ಬಸ್ಸ ಹೋದೀತು.”

ಇದು ಊರೆಲ್ಲ ಒಪ್ಪಿದ ಮಾತು. ಇದಕ್ಕೆ ಎದುರು ಮಾತು ಇಲ್ಲವೆಂದು ಅವನೂ ತಿಳಿದಿದ್ದ, ಆಫೀಸಿನಲ್ಲಿದ್ದ ಎಲ್ಲರೂ ತಿಳಿದಿದ್ದರು. ಮಲಕವ್ವ ಬಾಗಿಲ ತನಕ ಹೋದವಳು ತಿರುಗಿ ನಿಂತಳು.

“ಹೆಣ್ಣ ಹುಟ್ಟಿದ್ದ ಮಂದಿ ಮನಿಗೆ. ಯಾರಂದದ್ದು ಅಪ್ಪಾ?”

“ನಾನ ಅಂದೇನಿ. ಎಲ್ಲಾರೂ ಅಂತಾರ.”

“ನಾ ಹೆಣ್ಣ ಹೌದಲ್ಲೊ?”

“ಹೌದ. ಅದಕ್ಕೇನೀಗ?”

“ಹಂಗಾದ್ರ ನಾ ಮಂದಿ ಮನಿಯಾಕಿ. ಅಮೋಘಿ ನಿಮ್ಮ ಮನ್ಯಾಂವ. ಮನಿ ಎರಡಾದು. ಮುಯ್ಯಿ ಆತಿಲ್ಲೊ?”

ಸಂಗಣ್ಣ ಮಾಸ್ತರರು ಕುರ್ಚಿಯಿಂದ ಮೆಲ್ಲಗೆ ಎದ್ದರು. ಇಷ್ಟು ವರ್ಷ ತರ್ಕ ಕಲಿಸಿದ್ದರು. ಕಲಿತವರು ಪರೀಕ್ಷೆಯಲ್ಲಿ ಬರೆದು ಮರೆಯುತ್ತಿದ್ದರು. ಯಾರಾದರೊಬ್ಬರು ಇದನ್ನು ಒಂದು ದಿನ ಹಿಡಿದು ಎತ್ತುತ್ತಾರೆಂದು ಅವರು ಆಸೆಯನ್ನೇ ಬಿಟ್ಟಿದ್ದರು. ಅವರ ಕಣ್ಣಲ್ಲಿ ನೀರಿತ್ತು.

“ರಾಮಲಿಂಗಾ, ಇದು ಖರೆ ಇದ್ರ ಅದೂ ಖರೆ ಆಗಬೇಕು. ಎಲ್ಲೂ ಬಿರುಕಿಲ್ಲ. ಒಂದೋ ಆಕಿ ನಿನ್ನ ಮನಿಯಾಕಿ ಅಂತ ಇಲ್ಲೇ ಒಪ್ಪಿಕೊ, ಮಗನ್ನ ಕಲಿಸಿದಂಗ ಆಕಿನ್ನೂ ಕಲಿಸು. ಇಲ್ಲಾ ಮುಯ್ಯಿ ತೀರಸು. ಎರಡೂ ಇಲ್ಲ ಅಂದ್ರ ನಾ ಇಟ್ಟಂಗಿಹಾಳ ಹಿಡದು ಸುತ್ತ ಹಳ್ಳಿಗೆಲ್ಲ ಹೇಳಾಂವ: ಜೈನಾಪುರದ ರಾಮಲಿಂಗ ಮುಯ್ಯಿ ತಿಂದಾನ.”

ಮಾಸ್ತರರು ಹೇಳಿದ ಎರಡರಲ್ಲಿ ರಾಮಲಿಂಗ ಯಾವುದನ್ನು ಹಿಡಿದರೂ ಹಗ್ಗದ ತುದಿ ಮಲಕವ್ವನ ಕೈಗೇ ಹೋಗುತ್ತಿತ್ತು. ಮುಂದಿನ ಹಿಂಗಾರಿಗೆ ಬರಿದಾದ ತನ್ನ ಹೊಲ ಅವನ ಕಣ್ಣ ಮುಂದೆ ಬಂತು. ರುಮಾಲು ಬಿಚ್ಚಿ ಮುಖ ಒರೆಸಿಕೊಂಡು, “ತೀರಸ್ತಾನ ತಗೊರಿ” ಎಂದ.

“ಸಹಿ ಬೇಕೇನ್ರೀ?” ಎಂದು ಪ್ರಿನ್ಸಿಪಾಲರು ಗಾಬರಿಯಿಂದ ಕೇಳಿದರು. ಅದಕ್ಕೂ ಫಾರ್ಮು ಇರಲಿಲ್ಲ.

ಪರೀಕ್ಷೆಗೆ ಮುಯ್ಯಾಳು ನಡೆಯುವುದಿಲ್ಲವಾದ್ದರಿಂದ ಅಮೋಘಿ ತಾನೇ ಹೋಗಿ, ತಾನೇ ನಪಾಸಾಗಿ, ಹಗುರಾಗಿ ಮನೆಗೆ ಬಂದ. ಜೂನಿನಲ್ಲಿ ಬಬಲೇಶ್ವರದ ಹೈಸ್ಕೂಲು ಶುರುವಾಯಿತು. ಮುಲ್ಕಿಯ ಕಾಗದ ನೋಡಿ ಮಲಕವ್ವನನ್ನು ಎಂಟನೆಯ ಇಯತ್ತೆಗೆ ಸೇರಿಸಿಕೊಂಡರು. ಮೊದಲ ದಿನ ಮುಂಜಾನೆ ಅವಳು ಹೆರಳು ಹಾಕಿಕೊಂಡು ನಡುಮನೆಗೆ ಬರುವ ಹೊತ್ತಿಗೆ ಅಮೋಘಿ ಒಲೆಯ ಮುಂದೆ ಕೂತು ಹಿಟ್ಟು ನಾದುತ್ತಿದ್ದ. ಮೊದಲ ರೊಟ್ಟಿ ಹಂಚಿಗೆ ಅಂಟಿತು. ಎರಡನೆಯದು ಹರಿದು ಒಲೆಗೆ ಬಿತ್ತು. ಹೊಗೆಗೆ ಅವನ ಕಣ್ಣು ಮೂಗು ಎರಡೂ ಸುರಿಯುತ್ತಿದ್ದವು. ಕಟ್ಟೆಯ ಮೇಲೆ ಕೂತ ಬೀರಪ್ಪ ಕಾಕಾ, “ಎತ್ತ ಕಟ್ಟಿದ್ರ ನಡೀತದೇನೋ ನೋಡ್ರಿ” ಎಂದು ನಗುತ್ತಿದ್ದ.

ರಾಚವ್ವ ಕಂಬಕ್ಕೊರಗಿ ನಿಂತಿದ್ದಳು. ದಸರೆಯಿಂದ ಮಗಳ ಕೆಲಸ, ತನ್ನ ಕೆಲಸ ಎರಡನ್ನೂ ಎಳೆದವಳು. ಆಫೀಸಿನಲ್ಲಿ ನಡೆದುದನ್ನು ಮಲಕವ್ವ ಹೇಳಿದಾಗಿನಿಂದ ಅವಳು ಮಾತು ಕಡಿಮೆ ಮಾಡಿದ್ದಳು. ಈಗ ಸುಟ್ಟ ರೊಟ್ಟಿಯನ್ನೇ ನೋಡುತ್ತ, ಎಲೆ ಅಡಿಕೆ ಮೆಲ್ಲುತ್ತಿದ್ದ ಗಂಡನನ್ನು ಕೇಳಿದಳು:

“ನಾನೂ ತಿಕೋಟಾದಾಕಿ ಹೌದಲ್ಲೊ?”

“ಹೌದ” ಎಂದ ರಾಮಲಿಂಗ.

“ನೀ ನಮ್ಮ ಮನ್ಯಾಕಿ ಅಲ್ಲ, ಮಂದಿ ಮನಿಯಿಂದ ಬಂದಾಕಿ ಅಂತ ನಿಮ್ಮವ್ವ ಸಾಯೂತನಾ ಅಂದ್ಲು. ನೀನೂ ಬಾಯ್ ತೆಗೀಲಿಲ್ಲ.”

ರಾಮಲಿಂಗ ಮೆಲ್ಲುವುದನ್ನು ನಿಲ್ಲಿಸಿದ.

“ಹಂಗಾದ್ರ ನನ್ನ ಮುಯ್ಯಿ ಎಷ್ಟಾತು?”

ಮನೆಯಲ್ಲಿ ಒಬ್ಬರೂ ನಗಲಿಲ್ಲ, ಬೀರಪ್ಪನೂ ನಗಲಿಲ್ಲ. ಹೊಸ್ತಿಲಲ್ಲಿ ನಿಂತ ಮಲಕವ್ವ ಅವ್ವನ ಮುಖವನ್ನು ಆ ದಿನ ಮೊದಲ ಬಾರಿಗೆ ನೋಡಿದವಳಂತೆ ನೋಡಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಸುಮ್ಮನೆ ಉತ್ತರ ಬೇಕಾಗಿತ್ತು. ರಾಮಲಿಂಗ ಎದ್ದು, ಮೂಲೆಯಲ್ಲಿದ್ದ ಖಾಲಿ ಕೊಡವನ್ನು ತಲೆಯ ಮೇಲೋ ನಡುವಿಗೋ ಎಲ್ಲಿಡಬೇಕೆಂದು ತಿಳಿಯದೆ ಎರಡೂ ಕೈಯಿಂದ ಎದೆಗವಚಿಕೊಂಡು, ಬಾವಿಯ ಕಡೆ ನಡೆದ.